ಆರ್‌ಎಸ್‌ಎಗೂ ಮೊದಲಿನ ಹೆಸರು: ಕ್ಲಿಫರ್ಡ್ ಕಾಕ್ಸ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದ ಆಸುಪಾಸಿನಲ್ಲಿ ಗೂಢಲಿಪಿಯ ಗಣಿತದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಒಂದೆರಡು ಬರಹ ಬಂದೇ ಬರುತ್ತವೆ. ಸಂತೋಷದ ಸಂಗತಿ. ಆದರೆ ಹೆಚ್ಚಿನವುಗಳಲ್ಲಿ ಇರುವುದು ಒಂದೇ ಸಾಲು: ಬಹಿರಂಗ ಕೀಲಿಯಿಂದ ಗೂಢ ಮಾಡಿ ಗುಟ್ಟಿನ ಕೀಲಿಯಿಂದ ಬಿಡಿಸುವ ಆರ್‌ಎಸ್‌ಎ ಪದ್ಧತಿಯನ್ನು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಕಂಡುಹಿಡಿದರು. ಆ ಮೂವರು ಸ್ವತಂತ್ರವಾಗಿ ಕಂಡುಹಿಡಿದದ್ದು ನಿಜ. ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಒಬ್ಬರಿಗೆ ಅನ್ಯಾಯವಾಗುತ್ತದೆ. ಅದಕ್ಕೂ ನಾಲ್ಕು ವರ್ಷ ಮೊದಲು, 1973ರಲ್ಲಿ, ಇಂಗ್ಲೆಂಡಿನ ಕ್ಲಿಫರ್ಡ್ ಕಾಕ್ಸ್ ಇದೇ ದಾರಿಯನ್ನು ಕಂಡಿದ್ದರು. ಸರ್ಕಾರಿ ಗುಟ್ಟಾದ್ದರಿಂದ 24 ವರ್ಷ ಅದರ ಬಗ್ಗೆ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಅವರ ಹೆಸರು ಬರಬೇಕು ಎನ್ನುವುದು ಈ ಪತ್ರಕ್ಕೆ ಒಂದು ಕಾರಣ. ಅವರು ಬರೆದಿಟ್ಟ ಮೂಲ ರೂಪವೇ ನಮ್ಮ ಪದವಿ ತರಗತಿಗಳಲ್ಲಿ ಹೇಳಿಕೊಡಲು ಹೆಚ್ಚು ಒಪ್ಪುತ್ತದೆ ಎನ್ನುವುದು ಇನ್ನೊಂದು.

ಹಳೆಯ ತೊಡಕು ಏನೆಂದು ಮೊದಲು ಹೇಳಬೇಕು. ಗುಟ್ಟಿನ ಪತ್ರ ಕಳಿಸುವವರು, ಓದುವವರು ಇಬ್ಬರ ಬಳಿಯೂ ಒಂದೇ ಕೀಲಿ ಇರಬೇಕಿತ್ತು. ಆ ಕೀಲಿಯನ್ನು ಮುಂಚೆಯೇ ನಂಬಿಕಸ್ಥರ ಕೈಯಲ್ಲಿ ತಲುಪಿಸಬೇಕು. ನೂರು ಠಾಣೆಗಳಿದ್ದು, ಪ್ರತಿ ಎರಡು ಠಾಣೆಗಳ ನಡುವೆ ಬೇರೆ ಬೇರೆ ಕೀಲಿ ಬೇಕೆಂದರೆ 4950 ಕೀಲಿಗಳು. ಬ್ರಿಟನ್ನಿನ ಸಂಪರ್ಕ ಬೇಹುಗಾರಿಕೆಯ ಸಂಸ್ಥೆ ಜಿಸಿಎಚ್‌ಕ್ಯುನಲ್ಲಿದ್ದ ಜೇಮ್ಸ್ ಎಲಿಸ್ ಈ ಹೊರೆಯ ಬಗ್ಗೆ ಯೋಚಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಒಂದು ದೂರವಾಣಿ ವರದಿ ಅವರ ಕಣ್ಣಿಗೆ ಬಿತ್ತು. ಅದರಲ್ಲಿದ್ದ ಉಪಾಯ ಇಷ್ಟು: ಕೇಳಿಸಿಕೊಳ್ಳುವವರೇ ತಂತಿಯ ಮೇಲೆ ಗದ್ದಲ ತುಂಬುತ್ತಾರೆ. ತಾವು ತುಂಬಿದ್ದು ಎಂಥ ಗದ್ದಲವೆಂದು ಅವರಿಗೆ ಗೊತ್ತು, ಅದನ್ನು ಕಳೆದು ಮಾತನ್ನು ಕೇಳಿಸಿಕೊಳ್ಳುತ್ತಾರೆ. ನಡುವೆ ಕದ್ದು ಕೇಳುವವರಿಗೆ ಗದ್ದಲವೇ ಗತಿ. ಮಾತಾಡುವವರ ಬಳಿ ಇಲ್ಲಿ ಯಾವ ಗುಟ್ಟೂ ಇಲ್ಲ! ಇದನ್ನೇ ಗಣಿತದಲ್ಲಿ ಮಾಡಲು ಸಾಧ್ಯ ಎಂದು ಎಲಿಸ್ 1970ರಲ್ಲಿ ವರದಿ ಬರೆದರು. ಸಾಧ್ಯ ಎಂದು ತೋರಿಸಿದರು, ಮಾಡುವ ಲೆಕ್ಕ ಮಾತ್ರ ಸಿಕ್ಕಿರಲಿಲ್ಲ. ಮುಂದಕ್ಕೆ ಸುಲಭ, ಹಿಂದಕ್ಕೆ ಕಷ್ಟ, ಆದರೆ ಗುಟ್ಟು ಬಲ್ಲವರಿಗೆ ಹಿಂದಕ್ಕೂ ಸುಲಭ, ಅಂಥ ಲೆಕ್ಕ ಬೇಕಿತ್ತು. ಅಲ್ಲಿನ ಗಣಿತಜ್ಞರು ಮೂರು ವರ್ಷ ಹುಡುಕಿದರೂ ಅದು ಕೈಗೆ ಹತ್ತಲಿಲ್ಲ.

ಕಾಕ್ಸ್ ಹುಟ್ಟಿದ್ದು 1950ರಲ್ಲಿ. ಮ್ಯಾಂಚೆಸ್ಟರ್ ಗ್ರಾಮರ್ ಶಾಲೆಯಲ್ಲಿ ಓದಿ, 1968ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಬೆಳ್ಳಿ ಪದಕ ಪಡೆದವರು. ಕೇಂಬ್ರಿಜ್‌ನಲ್ಲಿ ಪದವಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಸಂಖ್ಯಾ ಸಿದ್ಧಾಂತದ ಸಂಶೋಧನೆ ಶುರು. ಅದನ್ನು ಬಿಟ್ಟು 1973ರ ಸೆಪ್ಟೆಂಬರ್‌ನಲ್ಲಿ ಜಿಸಿಎಚ್‌ಕ್ಯು ಸೇರಿದರು. ಹೊಸಬರಿಗೆ ಕೆಲಸ ಪರಿಚಯಿಸುತ್ತಿದ್ದ ನಿಕ್ ಪ್ಯಾಟರ್ಸನ್, ಎಲಿಸ್ ಅವರ ಯೋಚನೆಯನ್ನು ಮಾತಿನ ನಡುವೆ ಪ್ರಸ್ತಾಪಿಸಿದರು. ಅಂದು ಸಂಜೆ ತಮ್ಮ ಬಾಡಿಗೆ ಕೋಣೆಯಲ್ಲಿ ಕೂತು ಕಾಕ್ಸ್ ಅರ್ಧ ಗಂಟೆಯೊಳಗೆ ಉತ್ತರ ಕಂಡುಕೊಂಡರು. ಕಚೇರಿಯ ಕೆಲಸವನ್ನು ಮನೆಯಲ್ಲಿ ಬರೆದಿಡುವಂತಿರಲಿಲ್ಲ, ಇಡೀ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ಮರುದಿನ ಕಾಗದಕ್ಕಿಳಿಸಿದರು. ಸಂಸ್ಥೆಯೊಳಗಿನ ಟಿಪ್ಪಣಿಯಾಗಿ ಅದು 1973ರ ನವೆಂಬರ್ 20ರಂದು ದಾಖಲಾಯಿತು. ಅರ್ಧ ಗಂಟೆಯನ್ನು ಪವಾಡವೆಂದು ಹೇಳಿಕೊಂಡು ತಿರುಗುವುದು ಬೇಡ. ಅವರ ತಲೆಯಲ್ಲಿ ಆಗ ಅವಿಭಾಜ್ಯ ಸಂಖ್ಯೆಗಳೇ ತುಂಬಿದ್ದವು, ಹಿಂದಕ್ಕೆ ಕಷ್ಟವಾದ ಲೆಕ್ಕ ಯಾವುದು ಎಂದೊಡನೆ ಗುಣಾಕಾರ ಮತ್ತು ಅಪವರ್ತನ (ಗುಣಲಬ್ಧವನ್ನು ಮತ್ತೆ ಒಡೆಯುವುದು) ನೆನಪಾದವು. ಮೂರು ವರ್ಷ ಹುಡುಕಿದ ಉಳಿದವರಿಗೆ ಆ ಕಡೆ ನೋಡುವ ಅಭ್ಯಾಸ ಇರಲಿಲ್ಲ, ಅಷ್ಟೇ.

ಆ ಲೆಕ್ಕವನ್ನು ಸಣ್ಣ ಸಂಖ್ಯೆಗಳಲ್ಲಿ ಮಾಡಿ ತೋರಿಸುತ್ತೇವೆ. ಪೆನ್ಸಿಲ್ ಹಿಡಿದು ಜೊತೆಗೆ ಮಾಡಿದರೆ ಹತ್ತು ನಿಮಿಷ ಸಾಕು.

ಸಂದೇಶ ಪಡೆಯಬೇಕಾದವರು 11 ಮತ್ತು 17 ಎಂಬ ಎರಡು ಅವಿಭಾಜ್ಯಗಳನ್ನು ಆರಿಸುತ್ತಾರೆ. ಒಂದು ಷರತ್ತಿದೆ: 11ರಿಂದ 16 ನಿಶ್ಶೇಷವಾಗಿ ಭಾಗವಾಗಬಾರದು, 17ರಿಂದ 10 ಭಾಗವಾಗಬಾರದು. ಅಂದರೆ ಒಂದು ಅವಿಭಾಜ್ಯವು ಇನ್ನೊಂದರಲ್ಲಿ ಒಂದು ಕಳೆದು ಬರುವ ಸಂಖ್ಯೆಯ ಅಪವರ್ತನ ಆಗಿರಬಾರದು. ಎರಡರ ಗುಣಲಬ್ಧ 187. ಈ 187ನ್ನು ಊರಿಗೆಲ್ಲ ಸಾರಬಹುದು. 11 ಮತ್ತು 17 ಮನೆಯೊಳಗೇ ಇರಬೇಕು.

ಕಳಿಸಬೇಕಾದ ಸಂದೇಶ 9 ಎಂದಿಟ್ಟುಕೊಳ್ಳೋಣ. ಕಳಿಸುವವರು 9ರ 187ನೇ ಘಾತವನ್ನು 187ರಿಂದ ಭಾಗಿಸಿ ಶೇಷ ತೆಗೆಯಬೇಕು. ಘಾತಾಂಕವೂ 187, ಭಾಜಕವೂ 187, ಬೇರೆ ಸಂಖ್ಯೆ ನೆನಪಿಡಬೇಕಾಗಿಲ್ಲ. ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ. 9ರ 187ನೇ ಘಾತವನ್ನು ನೇರವಾಗಿ ಕ್ಯಾಲ್ಕುಲೇಟರಿಗೆ ಒತ್ತುತ್ತಾರೆ. ಅದು 179 ಅಂಕಿಗಳ ಸಂಖ್ಯೆ, ಸಾಮಾನ್ಯ ಕ್ಯಾಲ್ಕುಲೇಟರ್ ಎರರ್ ಎನ್ನುತ್ತದೆ. ಪ್ರತಿ ಹೆಜ್ಜೆಗೂ ಶೇಷ ತೆಗೆಯುತ್ತ, ವರ್ಗ ಮಾಡುತ್ತ ಹೋಗಬೇಕು. 9ರ ವರ್ಗ 81. 81ರ ವರ್ಗ 6561, ಶೇಷ 16. 16ರ ವರ್ಗ 256, ಶೇಷ 69. ಹಾಗೇ ಮುಂದಕ್ಕೆ 86, 103, 137, ಮತ್ತೆ 69. ಇವು ಕ್ರಮವಾಗಿ 9ರ 2, 4, 8, 16, 32, 64, 128ನೇ ಘಾತಗಳ ಶೇಷಗಳು. 187 ಎಂದರೆ 128+32+16+8+2+1, ಆದ್ದರಿಂದ 4 ಮತ್ತು 64ರ ಸಾಲು ಬಿಟ್ಟು ಉಳಿದವನ್ನು ಗುಣಿಸಬೇಕು. 9×81ರ ಶೇಷ 168. ಅದಕ್ಕೆ 69 ಗುಣಿಸಿದರೆ ಶೇಷ 185. ಅದಕ್ಕೆ 86, ಶೇಷ 15. ಅದಕ್ಕೆ 103, ಶೇಷ 49. ಕೊನೆಗೆ 69, ಶೇಷ 15. ಏಳು ವರ್ಗ, ಐದು ಗುಣಾಕಾರ, ಮುಗಿಯಿತು. ಕಳಿಸುವ ಸಂಖ್ಯೆ 15. ದಾರಿಯಲ್ಲಿ ಯಾರು ನೋಡಿದರೂ ಕಾಣುವುದು 187 ಮತ್ತು 15.

ಪಡೆದವರು ಬಿಡಿಸುವುದು ಹೀಗೆ. 11ನ್ನು ಯಾವುದರಿಂದ ಗುಣಿಸಿದರೆ 16ರಿಂದ ಭಾಗಿಸಿದಾಗ ಶೇಷ 1 ಬರುತ್ತದೆ? 3ರಿಂದ, ಏಕೆಂದರೆ 33 ಎಂದರೆ 2×16+1. 17ನ್ನು ಯಾವುದರಿಂದ ಗುಣಿಸಿದರೆ 10ರಿಂದ ಭಾಗಿಸಿದಾಗ ಶೇಷ 1? ಇದಕ್ಕೂ 3, ಏಕೆಂದರೆ 51. ಈಗ 15ರ ಘನ 3375. ಇದನ್ನು 17ರಿಂದ ಭಾಗಿಸಿದರೆ ಶೇಷ 9, 11ರಿಂದ ಭಾಗಿಸಿದರೂ ಶೇಷ 9. ಸಂದೇಶ 9. ಈ ಉದಾಹರಣೆಯಲ್ಲಿ ಎರಡೂ ಕಡೆ 3 ಬಂದದ್ದು ಕಾಕತಾಳೀಯ. 5 ಮತ್ತು 7 ತೆಗೆದುಕೊಂಡರೆ ಒಂದು ಕಡೆ 5, ಇನ್ನೊಂದು ಕಡೆ 3 ಬರುತ್ತದೆ. ಎರಡು ಶೇಷಗಳೂ ಬೇರೆ ಬೇರೆ ಬಂದಾಗ ಎರಡೂ ಶೇಷಗಳನ್ನು ಕೊಡುವ ಒಂದೇ ಸಂಖ್ಯೆಯನ್ನು ಹುಡುಕುವ ಚೀನೀ ಶೇಷ ಪ್ರಮೇಯದಿಂದ ಒಂದುಗೂಡಿಸಬೇಕು.

ಇದು ನಡೆಯುವುದು ಫರ್ಮಾನ ಕಿರು ಪ್ರಮೇಯದಿಂದ. ಯಾವ ಸಂಖ್ಯೆಯ 17ನೇ ಘಾತವನ್ನೂ 17ರಿಂದ ಭಾಗಿಸಿದರೆ ಮೂಲ ಸಂಖ್ಯೆಯ ಶೇಷವೇ ಬರುತ್ತದೆ. 187 ಎಂದರೆ 11×17. ಆದ್ದರಿಂದ 17ರ ಲೆಕ್ಕದಲ್ಲಿ 187ನೇ ಘಾತವೂ 11ನೇ ಘಾತವೂ ಒಂದೇ. ಅದನ್ನು ಘನ ಮಾಡಿದರೆ 33ನೇ ಘಾತ. 16ರಷ್ಟು ಘಾತ ಪ್ರತಿ ಸಲ 1ಕ್ಕೆ ಇಳಿಯುವುದರಿಂದ, ಎರಡು ಹದಿನಾರು ಕಳೆದು ಉಳಿದದ್ದು ಸಂದೇಶದ ಒಂದನೇ ಘಾತ.

ಷರತ್ತು ಮೀರಿದರೆ ಏನಾಗುತ್ತದೆ ಎನ್ನುವುದನ್ನು ತರಗತಿಯಲ್ಲಿ ಖಂಡಿತ ಮಾಡಿ ತೋರಿಸಬೇಕು. 3 ಮತ್ತು 7 ತೆಗೆದುಕೊಳ್ಳಿ. 3ರಿಂದ 6 ಭಾಗವಾಗುತ್ತದೆ. ಗುಣಲಬ್ಧ 21. ಸಂದೇಶ 1 ಆದರೂ, 4 ಆದರೂ, 16 ಆದರೂ 21ನೇ ಘಾತದ ಶೇಷ 1 ಒಂದೇ! ಮೂರು ಬೇರೆ ಪತ್ರಗಳು ಒಂದೇ ಲಕೋಟೆಯಾದವು. ಬಿಡಿಸುವವರಿಗೆ ಯಾವುದು ಬಂದದ್ದೆಂದು ಹೇಳಲು ದಾರಿಯೇ ಇಲ್ಲ. ಪುಸ್ತಕದಲ್ಲಿ 'ಪರಸ್ಪರ ಅವಿಭಾಜ್ಯವಾಗಿರಬೇಕು' ಎಂದು ಬರೆದಿರುವುದನ್ನು ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಆ ಸಾಲು ಯಾಕಿದೆ ಎನ್ನುವುದು ಈ 21ರಲ್ಲಿ ಕಣ್ಣಿಗೆ ಕಾಣುತ್ತದೆ.

ಆ '3' ಹುಡುಕುವ ಕ್ರಮದ ಬಗ್ಗೆಯೂ ಒಂದು ಮಾತು. ದೊಡ್ಡ ಸಂಖ್ಯೆಗಳಲ್ಲಿ ಊಹಿಸಿ ಹುಡುಕಲಾಗದು. 16ನ್ನು 11ರಿಂದ ಭಾಗಿಸಿ: ಭಾಗಲಬ್ಧ 1, ಶೇಷ 5. 11ನ್ನು 5ರಿಂದ ಭಾಗಿಸಿ: ಭಾಗಲಬ್ಧ 2, ಶೇಷ 1. ಈಗ ಕೆಳಗಿನಿಂದ ಮೇಲಕ್ಕೆ ಹತ್ತಿ: 1 ಎಂದರೆ 11 ಕಳೆ 2×5, 5 ಎಂದರೆ 16 ಕಳೆ 11, ಸೇರಿಸಿದರೆ 1 ಎಂದರೆ 3×11 ಕಳೆ 2×16. ಇದು ಆರ್ಯಭಟನ ಕುಟ್ಟಕ, ಕ್ರಿ.ಶ. 499ರದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇದನ್ನು ವಲ್ಲಿಕಾಕುಟ್ಟೀಕಾರ ಎಂದು ಕರೆದರು. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದಾಗ ಬಳ್ಳಿಯಂತೆ ಇಳಿಯುತ್ತದೆ, ಅದಕ್ಕೆ ವಲ್ಲಿ. ಮಹಾವೀರಾಚಾರ್ಯರಿಗೆ ಗೂಢಲಿಪಿ ಗೊತ್ತಿತ್ತು ಎಂದು ಯಾರೂ ಹೇಳಬೇಕಿಲ್ಲ, ಹೇಳಲೂಬಾರದು. ಅವರ ಬಳ್ಳಿ ಇಂದು ಎಲ್ಲಿ ಹಬ್ಬಿದೆ ಎಂದು ಶ್ರವಣಬೆಳಗೊಳದ ಜಿಲ್ಲೆಯ ಮಕ್ಕಳಿಗೆ ತೋರಿಸಿದರೆ ಸಾಕು, ಪಾಠ ತಾನಾಗಿ ಮನಸ್ಸಿಗೆ ಹತ್ತುತ್ತದೆ.

ಆರ್‌ಎಸ್‌ಎಗೂ ಕಾಕ್ಸ್ ರೂಪಕ್ಕೂ ಇರುವ ವ್ಯತ್ಯಾಸ ಸಣ್ಣದು, ಆದರೆ ಬಳಕೆಯಲ್ಲಿ ತೂಕದ್ದು. ಕಾಕ್ಸ್ ಘಾತಾಂಕವಾಗಿ 187ನ್ನೇ ಬಳಸಿದರು. ರಿವೆಸ್ಟ್ ಮೊದಲಾದ ಮೂವರು ಘಾತಾಂಕವನ್ನು ಬೇರೆಯಾಗಿ ಆರಿಸಿಕೊಳ್ಳಲು ಬಿಟ್ಟರು. ಇಂದು ಸಾಮಾನ್ಯವಾಗಿ ಬಳಸುವುದು 65537, ಹದಿನಾರು ವರ್ಗ, ಒಂದು ಗುಣಾಕಾರದಲ್ಲಿ ಮುಗಿಯುತ್ತದೆ. ಕಾಕ್ಸ್ ಕ್ರಮದಲ್ಲಿ 2048 ಬಿಟ್ (0 ಅಥವಾ 1 ಎಂಬ ಅಂಕಿ) ಉದ್ದದ ಸಂಖ್ಯೆಗೆ 2047 ವರ್ಗಗಳು ಬೇಕು. ಸಂದೇಶ ಯಾರದೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿಯ ಕಲ್ಪನೆಯನ್ನು 1976ರಲ್ಲಿ ಲೋಕದ ಮುಂದಿಟ್ಟವರು ಡಿಫಿ ಮತ್ತು ಹೆಲ್ಮನ್, ಅದನ್ನು ಲೆಕ್ಕದಲ್ಲಿ ನಡೆಸಿ ತೋರಿಸಿದವರು ರಿವೆಸ್ಟ್, ಶಮೀರ್, ಏಡಲ್ಮನ್. ಆ ಶ್ರೇಯಸ್ಸು ಪೂರ್ತಿ ಅವರದೇ. ಇನ್ನೊಂದು ಕಡೆ, ಬಿಡಿಸುವಾಗ 11ಕ್ಕೆ ಬೇರೆ, 17ಕ್ಕೆ ಬೇರೆ ಲೆಕ್ಕ ಮಾಡುವ ಜಾಣತನ ಕಾಕ್ಸ್ ಟಿಪ್ಪಣಿಯಲ್ಲಿ ಮೊದಲೇ ಇತ್ತು. ಅರ್ಧ ಉದ್ದದ ಸಂಖ್ಯೆಯಲ್ಲಿ ಘಾತ ತೆಗೆಯುವ ಶ್ರಮ ಸುಮಾರು ಎಂಟನೇ ಒಂದು ಭಾಗ, ಅಂಥವು ಎರಡು, ಒಟ್ಟು ಕಾಲು ಭಾಗದ ಶ್ರಮ. ಇಂದಿನ ತಂತ್ರಾಂಶಗಳೂ ಆರ್‌ಎಸ್‌ಎ ಬಿಡಿಸುವುದು ಹೀಗೆಯೇ.

ಆದರೆ ಅದೇ ಜಾಣತನದಲ್ಲಿ ಒಂದು ಅಪಾಯವೂ ಇದೆ. ಎರಡು ಅರ್ಧಗಳಲ್ಲಿ ಒಂದು ತಪ್ಪಿದರೆ ಗುಟ್ಟೇ ಹೊರಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ 17ರ ಕಡೆಯ ಲೆಕ್ಕ ಸರಿಯಾಗಿ 9 ಬಂದು, 11ರ ಕಡೆ ಚಿಪ್ ಎಡವಿ 9ರ ಬದಲು 5 ಬಂತೆನ್ನಿ. ಒಂದುಗೂಡಿಸಿದರೆ ಉತ್ತರ 60. ಸರಿಯಾದ 9 ಗೊತ್ತಿರುವವರ ಕೈಗೆ ಈ 60 ಸಿಕ್ಕರೆ, ವ್ಯತ್ಯಾಸ 51, ಅದರದೂ 187ರದೂ ಮ.ಸಾ.ಅ. ತೆಗೆದರೆ 17. ಮುಗಿಯಿತು! ಬೋನೆ, ಡಿಮಿಲ್ಲೋ, ಲಿಪ್ಟನ್ 1990ರ ದಶಕದಲ್ಲಿ ತೋರಿಸಿದ ದೋಷ ಇದು. ಅದಕ್ಕೇ ಉತ್ತರವನ್ನು ಹೊರಗೆ ಬಿಡುವ ಮುನ್ನ ತಾಳೆ ನೋಡಬೇಕು.

ಇನ್ನೂ ಕೆಲವು ಕಡೆ ಜನ ಎಡವುತ್ತಾರೆ. ಎರಡು ಅವಿಭಾಜ್ಯಗಳು ತೀರ ಹತ್ತಿರ ಇರಬಾರದು. 10403ನ್ನು ಒಡೆಯಲು ಎಷ್ಟು ಹೊತ್ತು? 102ರ ವರ್ಗ 10404, ಒಂದು ಹೆಚ್ಚು, ಆದ್ದರಿಂದ ಅಪವರ್ತನಗಳು 101 ಮತ್ತು 103. ಒಂದೇ ಅವಿಭಾಜ್ಯ ಇಬ್ಬರ ಬಳಿ ಇರಬಾರದು. ಒಬ್ಬರದು 187, ಇನ್ನೊಬ್ಬರದು 209 ಎಂದಿರಲಿ. ವ್ಯತ್ಯಾಸ 22, ಎಂಟು ಇಪ್ಪತ್ತೆರಡು ಕಳೆದರೆ 187ರಲ್ಲಿ ಉಳಿಯುವುದು 11. ಇಬ್ಬರ ಬೀಗವೂ ಒಟ್ಟಿಗೆ ಬಿಚ್ಚಿತು. 2012ರಲ್ಲಿ ಎರಡು ಸಂಶೋಧಕ ತಂಡಗಳು ಅಂತರ್ಜಾಲದ ಲಕ್ಷಾಂತರ ಕೀಲಿಗಳನ್ನು ಸಂಗ್ರಹಿಸಿ ಹೀಗೆ ಮ.ಸಾ.ಅ. ತೆಗೆದಾಗ ಸಾವಿರಾರು ಕೀಲಿಗಳು ಒಡೆದುಹೋದವು. ಹೆಚ್ಚಿನವು ರೂಟರ್‌ನಂಥ ಸಣ್ಣ ಸಾಧನಗಳವು. ಆನ್ ಆದ ಕೂಡಲೇ, ಯಾದೃಚ್ಛಿಕತೆ ಸಾಕಷ್ಟು ಕೂಡುವ ಮೊದಲೇ, ಅವು ಕೀಲಿ ತಯಾರಿಸಿದ್ದವು. ಮತ್ತೊಂದು: ಸಂದೇಶ 'ಹೌದು' ಅಥವಾ 'ಇಲ್ಲ' ಎರಡೇ ಆಗಿದ್ದರೆ, ಕಳ್ಳನೇ ಸಾರ್ವಜನಿಕ 187ರಿಂದ ಎರಡನ್ನೂ ಗೂಢ ಮಾಡಿ ಹೋಲಿಸಿ ನೋಡಬಲ್ಲ. ಹಾಗಾಗದಂತೆ ಪ್ರತಿ ಸಂದೇಶಕ್ಕೂ ಬೇರೆ ಬೇರೆ ಯಾದೃಚ್ಛಿಕ ತುಂಬು ಸೇರಿಸಬೇಕು. ಇದಕ್ಕೆ ಬೆಲ್ಲಾರೆ ಮತ್ತು ರೋಗವೇ 1994ರಲ್ಲಿ ಕೊಟ್ಟ ಕ್ರಮ ಇಂದೂ ಬಳಕೆಯಲ್ಲಿದೆ. ನಾವು ಮೇಲೆ ಮಾಡಿದ ಬರಿಯ ಲೆಕ್ಕವನ್ನು ಯಾರೂ ನಿಜವಾದ ಕೆಲಸಕ್ಕೆ ಬಳಸಬಾರದು.

ಗಾತ್ರದ ಅಂದಾಜಿಗೆ: 1977ರಲ್ಲಿ ಸವಾಲಾಗಿ ಪ್ರಕಟವಾದ 129 ಅಂಕಿಗಳ ಸಂಖ್ಯೆಯನ್ನು 1994ರಲ್ಲಿ ಸುಮಾರು 600 ಸ್ವಯಂಸೇವಕರು 1600 ಕಂಪ್ಯೂಟರ್‌ಗಳಿಂದ ಒಡೆದರು. 250 ಅಂಕಿಯದು 2020ರಲ್ಲಿ ಒಡೆಯಿತು. ಈಗ ಬಳಕೆಯಲ್ಲಿರುವ 2048 ಬಿಟ್ ಎಂದರೆ 617 ಅಂಕಿ.

1973ಕ್ಕೆ ಮರಳುತ್ತೇವೆ. ಕಾಕ್ಸ್ ಅವರ ಶಾಲಾ ದಿನಗಳ ಸಹಪಾಠಿ ಮಾಲ್ಕಮ್ ವಿಲಿಯಮ್ಸನ್ ಕೂಡ ಅಲ್ಲಿಗೇ ಕೆಲಸಕ್ಕೆ ಬಂದಿದ್ದರು. ಕಾಕ್ಸ್ ಕಂಡದ್ದು ನಂಬುವಂಥದ್ದಲ್ಲ ಎಂದು ತಪ್ಪು ಹುಡುಕಲು ಕೂತರು. ತಪ್ಪು ಸಿಗಲಿಲ್ಲ, ಬದಲಿಗೆ 1974ರಲ್ಲಿ ಇನ್ನೊಂದು ದಾರಿ ಸಿಕ್ಕಿತು, ಇಂದು ಡಿಫಿ–ಹೆಲ್ಮನ್ ಎಂದು ಕರೆಯುವ, ಇಬ್ಬರೂ ಬಹಿರಂಗವಾಗಿ ಮಾತಾಡಿಯೇ ಒಂದು ಗುಟ್ಟಿನ ಕೀಲಿಗೆ ಬರುವ ಕೀಲಿ ವಿನಿಮಯದ ದಾರಿ. ಆ ಕಾಲದ ಕಂಪ್ಯೂಟರ್‌ಗಳಿಗೆ ಇಂಥ ಲೆಕ್ಕ ಭಾರವಾಗಿತ್ತು, ಸಂಸ್ಥೆ ಎರಡನ್ನೂ ಬಳಸದೆ ಕಡತದಲ್ಲಿಟ್ಟಿತು. ಹೊರಗಿನ ಲೋಕ ಎಲ್ಲವನ್ನೂ ಮತ್ತೆ ಕಂಡುಹಿಡಿಯಿತು, ಅಮೆರಿಕದಲ್ಲಿ 1983ರಲ್ಲಿ ಆರ್‌ಎಸ್‌ಎಗೆ ಪೇಟೆಂಟ್ ಸಿಕ್ಕಿತು, ಉದ್ಯಮ ಬೆಳೆಯಿತು. ಕಾಕ್ಸ್ ಸುಮ್ಮನಿದ್ದರು. 1997ರ ಡಿಸೆಂಬರ್ 18ರಂದು ಸೈರನ್ಸೆಸ್ಟರ್‌ನ ಗಣಿತ ಸಮ್ಮೇಳನದಲ್ಲಿ ಅವರು ಮೊದಲ ಬಾರಿಗೆ ಬಹಿರಂಗವಾಗಿ ಮಾತಾಡಿದರು. ಮೂಲ ಕಲ್ಪನೆಯ ಎಲಿಸ್ ಅದಕ್ಕೆ ಮೂರು ವಾರ ಮೊದಲು, ನವೆಂಬರ್ 25ರಂದು ತೀರಿಕೊಂಡಿದ್ದರು. ಇದನ್ನು ಓದಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಕಾಕ್ಸ್ ಅಲ್ಲಿಗೇ ನಿಲ್ಲಲಿಲ್ಲ. ನಿಮ್ಮ ಇ–ಮೇಲ್ ವಿಳಾಸವೇ ನಿಮ್ಮ ಸಾರ್ವಜನಿಕ ಕೀಲಿ ಆಗಲು ಸಾಧ್ಯವೇ ಎಂದು 1984ರಲ್ಲಿ ಶಮೀರ್ ಕೇಳಿದ್ದರು. ವರ್ಗ ಶೇಷಗಳನ್ನು ಬಳಸಿ 2001ರಲ್ಲಿ ಕಾಕ್ಸ್ ಒಂದು ಉತ್ತರ ಕೊಟ್ಟರು. ಸೊಗಸಾದ ಗಣಿತ, ಆದರೆ ಗಾತ್ರ ದೊಡ್ಡದು: ಒಂದೊಂದು ಬಿಟ್ಟನ್ನೂ ಬೇರೆಯಾಗಿ ಗೂಢ ಮಾಡಬೇಕು, ಪ್ರತಿ ಬಿಟ್ಟಿಗೆ ಎರಡು ದೊಡ್ಡ ಸಂಖ್ಯೆ. 1024 ಬಿಟ್ ಭಾಜಕದಲ್ಲಿ 128 ಬಿಟ್ ಕೀಲಿ ಕಳಿಸಲು 2,62,144 ಬಿಟ್, ಅಂದರೆ 32 ಕಿಲೋಬೈಟ್. ಇನ್ನೊಂದು ತೊಡಕು ಈ ಬಗೆಯ ಎಲ್ಲ ಪದ್ಧತಿಗಳದು. ಮೂಲ ಗುಟ್ಟನ್ನು ಬಲ್ಲ ಕೇಂದ್ರವೊಂದು ಇರಲೇಬೇಕು, ಅದು ಮನಸ್ಸು ಮಾಡಿದರೆ ಎಲ್ಲರ ಪತ್ರವನ್ನೂ ಓದಬಹುದು. ಅದೇ ವರ್ಷ ಬೋನೆ ಮತ್ತು ಫ್ರಾಂಕ್ಲಿನ್ ಎಲಿಪ್ಟಿಕ್ ವಕ್ರರೇಖೆಗಳಿಂದ ಚಿಕ್ಕದಾದ ಉತ್ತರ ಕೊಟ್ಟಿದ್ದರಿಂದ ಕಾಕ್ಸ್ ಪದ್ಧತಿ ಬಳಕೆಗೆ ಅಷ್ಟಾಗಿ ಬರಲಿಲ್ಲ. ಅವರು 2015ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ನಮ್ಮ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು ಫೋನಿನಿಂದ ಹಣ ಕಟ್ಟುವಾಗ, ಆ ಫೋನೂ ಬ್ಯಾಂಕಿನ ಸರ್ವರೂ ಮುಂಚೆ ಯಾವ ಕೀಲಿಯನ್ನೂ ಕೈಯಿಂದ ಕೈಗೆ ಕೊಟ್ಟುಕೊಂಡಿರುವುದಿಲ್ಲ. ಎಲಿಸ್ ಬಯಸಿದ್ದು ಇದನ್ನೇ. ಅಂತರ್ಜಾಲದ ಸಂಪರ್ಕಕ್ಕೆ ಭದ್ರತೆ ಕೊಡುವ 2018ರ ಟಿಎಲ್‌ಎಸ್ 1.3 ನಿಯಮದಲ್ಲಿ ಕೀಲಿ ಕಳಿಸಲು ಆರ್‌ಎಸ್‌ಎ ಬಳಸುವುದನ್ನು ಕೈಬಿಟ್ಟು ಡಿಫಿ–ಹೆಲ್ಮನ್ ದಾರಿ ಉಳಿಸಿಕೊಂಡಿದ್ದಾರೆ, ಆರ್‌ಎಸ್‌ಎ ಸಹಿಗಳಲ್ಲಿ ಮುಂದುವರಿದಿದೆ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಎರಡೂ ಉಳಿಯವು ಎಂದು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅದಕ್ಕೆ ಬದಲಿ ಪದ್ಧತಿಗಳ ಮಾನಕಗಳು 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾಗಿವೆ. ಹಾಗೆಂದು 11 ಮತ್ತು 17ರ ಪಾಠ ಹಳತಾಗುವುದಿಲ್ಲ, ಹೊಸ ಪದ್ಧತಿಗಳಲ್ಲಿ ಹೆಚ್ಚಿನವುಗಳಲ್ಲೂ ಶೇಷಗಳದೇ ಲೆಕ್ಕ.

ಹಾಸನ, ಅರಸೀಕೆರೆ, ಹೊಳೆನರಸೀಪುರದ ಕಾಲೇಜುಗಳ ಗಣಿತ ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ ಇದು. ಸಂಖ್ಯಾ ಸಿದ್ಧಾಂತದ ಘಟಕ ಬಂದಾಗ ಎರಡು ಪೀರಿಯಡ್ ಮೀಸಲಿಡಿ. ಮೊದಲನೆಯದರಲ್ಲಿ ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಬೋರ್ಡಿನ ಮೇಲೆ 187 ಮಾತ್ರ ಬರೆಯಲಿ, ಇನ್ನೊಂದು ಗುಂಪು 2ರಿಂದ 186ರೊಳಗೆ 11ರಿಂದಲೂ 17ರಿಂದಲೂ ಭಾಗವಾಗದ ಸಂಖ್ಯೆಯೊಂದನ್ನು ಗೂಢ ಮಾಡಿ ಕೂಗಿ ಹೇಳಲಿ. 11ರ ಅಥವಾ 17ರ ಗುಣಕವನ್ನು ಆರಿಸಿಕೊಂಡರೂ ಲೆಕ್ಕ ತಪ್ಪುವುದಿಲ್ಲ, ಆದರೆ ಅದರದೂ 187ರದೂ ಮ.ಸಾ.ಅ. ತೆಗೆದವರಿಗೆ ಗುಟ್ಟು ಸಿಕ್ಕಿಬಿಡುತ್ತದೆ. ಎರಡನೆಯ ಪೀರಿಯಡ್‌ನಲ್ಲಿ 187ರ ಬದಲು 253 ಬರೆದು, 11 ಮತ್ತು 23 ಕೊಟ್ಟು, ಈ ಬೀಗ ಯಾಕೆ ಕೆಲಸ ಮಾಡುವುದಿಲ್ಲ ಎಂದು ವಿದ್ಯಾರ್ಥಿಗಳನ್ನೇ ಕೇಳಿ. 23ರಲ್ಲಿ ಒಂದು ಕಳೆದು ನೋಡುವವರೆಗೂ ಕಾಯಿರಿ.

– ಹಾಸನದ ಕೆಲವು ಗಣಿತ ಅಧ್ಯಾಪಕರು